ಸೀತೆಯಿಂದ ಪಾರ್ವತಿಯವರೆಗೆ: ಬ್ರಿಟಿಷ್ ಭಾರತದ ಕಥೆಗಳಲ್ಲಿ ಬಿಳಿಯ–ದೇಶೀಯ ಜೋಡಿಗಳು

ಬ್ರಿಟಿಷರ ಕಾಲದ ಭಾರತವನ್ನು ಕುರಿತ ಇಂಗ್ಲಿಷ್ ಕಥೆ, ಕಾದಂಬರಿಗಳಲ್ಲಿ ಬಿಳಿಯರು ಮತ್ತು ಭಾರತೀಯರ ನಡುವಿನ ಪ್ರೇಮ, ಮದುವೆಗಳ ಪ್ರಸಂಗ ಹದಿನೆಂಟನೆಯ ಶತಮಾನದ ಕೊನೆಯಿಂದ ಕಾಣಿಸಿಕೊಳ್ಳುತ್ತದೆ. ಇವನ್ನು ಬರೆದವರಲ್ಲಿ ಭಾರತದಲ್ಲೇ ಆಯುಷ್ಯ ಕಳೆದ ಅಧಿಕಾರಿಗಳಿದ್ದರು, ಅಧಿಕಾರಿಗಳ ಹೆಂಡತಿಯರಿದ್ದರು, ಈ ನೆಲಕ್ಕೆ ಕಾಲಿಡದೆಯೇ ಬರೆದವರೂ ಇದ್ದರು. ಬರೆದವರು ಇಷ್ಟು ಬಗೆಯವರಾದರೂ ಪಾತ್ರಗಳು ಮಾತ್ರ ಬೆರಳೆಣಿಕೆಯವು. ಚಿತೆಯಿಂದ ಬಿಳಿಯನೊಬ್ಬ ಪಾರುಮಾಡಿದ ವಿಧವೆ, ಅವನಿಗಾಗಿ ಪ್ರಾಣ ಕೊಡುವ ಮುಗ್ಧೆ, ಬಿಳಿಯ ಹೆಣ್ಣಿಗಾಗಿ ಹಾತೊರೆಯುವ ನವಾಬ, ಎರಡು ದೋಣಿಯಲ್ಲಿ ಕಾಲಿಟ್ಟ ಮಿಶ್ರರಕ್ತದ ಹುಡುಗಿ, ಎಲ್ಲ ಮುಗಿದ ಮೇಲೆ ತನ್ನವರ ಬಳಿಗೆ ಮರಳುವ ನಾಯಕ: ಇವೇ ಮತ್ತೆ ಮತ್ತೆ ಬರುವ ಪಡಿಯಚ್ಚುಗಳು.

ಈ ಅಚ್ಚುಗಳು ನಿಜವಾದ ಸಂಸಾರಗಳನ್ನು ನೋಡಿ ಹುಟ್ಟಿದವಲ್ಲ. ಅಂಥ ಸಂಸಾರಗಳು ಸಾಮಾನ್ಯವಾಗಿದ್ದ ಕಾಲದಲ್ಲಿ ಅವುಗಳ ಬಗ್ಗೆ ಕಾದಂಬರಿಗಳು ಹೆಚ್ಚಾಗಿ ಬರಲಿಲ್ಲ. ಸಂಸಾರಗಳು ಅಪರೂಪವಾಗಿ, ಆಳುವವರ ಕಣ್ಣಿಗೆ ಅವಮಾನವೆನಿಸತೊಡಗಿದ ಮೇಲೆ ಕಥೆಗಳು ಬೆಳೆದವು. ಕಥೆಗಳು ಜಾರಿಕೊಂಡದ್ದು ಮುಖ್ಯವಾಗಿ ಒಂದು ಪ್ರಶ್ನೆಯಿಂದ. ಅದು ಪ್ರೇಮದ ಪ್ರಶ್ನೆಯಲ್ಲ, ಇಂಥ ಜೋಡಿಗೆ ಹುಟ್ಟುವ ಮಗು ಯಾರ ಮನೆಯದು, ಯಾವ ಹೆಸರಿನದು, ಯಾವ ಆಸ್ತಿಗೆ ಹಕ್ಕುಳ್ಳದ್ದು ಎಂಬ ಪ್ರಶ್ನೆ.

ಬೀಬಿಗಳ ಕಾಲ

ಈಸ್ಟ್ ಇಂಡಿಯಾ ಕಂಪನಿಯ ಮೊದಲ ದಿನಗಳಲ್ಲಿ ಮಿಶ್ರವಿವಾಹಕ್ಕೆ ಅಡ್ಡಿಯಿರಲಿಲ್ಲ, ಉತ್ತೇಜನವೂ ಇತ್ತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಸಿಪಾಯಿಗಳು ಸ್ಥಳೀಯ ಹೆಂಗಸರನ್ನು ಮದುವೆಯಾಗಲಿ, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾದ ದಿನ ತಾಯಿಗೆ ಇನಾಮು ಕೊಡಲಿ ಎಂದು ಲಂಡನ್ನಿನ ನಿರ್ದೇಶಕರು 1680ರ ದಶಕದ ಕೊನೆಯಲ್ಲಿ ಬರೆದಿದ್ದರು. ಇಂಗ್ಲೆಂಡಿನಿಂದ ಹೆಣ್ಣು ಕರೆತರುವುದು ದುಬಾರಿ. ಪೋರ್ಚುಗೀಸ್ ಕ್ಯಾಥೊಲಿಕ್ ಮನೆತನಗಳಲ್ಲಿ ಸಿಪಾಯಿಗಳು ಸಂಬಂಧ ಬೆಳೆಸುವುದು ಕಂಪನಿಗೆ ಬೇಡವಾಗಿತ್ತು. ಉತ್ತೇಜನದ ಹಿಂದೆ ಇದ್ದದ್ದು ಈ ಲೆಕ್ಕಾಚಾರ.

ಹದಿನೆಂಟನೆಯ ಶತಮಾನದುದ್ದಕ್ಕೂ ಕಂಪನಿಯ ಅಧಿಕಾರಿಗಳು ಭಾರತೀಯ ಸಂಗಾತಿಯರಾದ 'ಬೀಬಿ'ಗಳೊಡನೆ ಸಂಸಾರ ಹೂಡುವುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. 1780ರ ದಶಕದ ಮೊದಲ ಭಾಗದಲ್ಲಿ ಬಂಗಾಳದ ಬ್ರಿಟಿಷರು ಬರೆದಿಟ್ಟ ಉಯಿಲುಗಳಲ್ಲಿ ಸುಮಾರು ಮೂರರಲ್ಲಿ ಒಂದರಷ್ಟು ಭಾರತೀಯ ಸಂಗಾತಿಗೋ ಅವಳ ಮಕ್ಕಳಿಗೋ ಏನಾದರೂ ಬಿಟ್ಟುಹೋದವು. ಈ ಸಂಬಂಧಗಳೆಲ್ಲ ಸಮಾನರ ನಡುವಿನವಾಗಿರಲಿಲ್ಲ. ಎಷ್ಟೋ ಹೆಂಗಸರ ಹೆಸರು ಕೂಡ ಉಯಿಲಿನಲ್ಲಿ ಉಳಿದಿಲ್ಲ. ಗಂಡ ಊರಿಗೆ ಮರಳಿದಾಗ ಅವರು ಹಿಂದೆ ಉಳಿದರು. ಆದರೂ ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಅಲ್ಲಿನ ದೊಡ್ಡ ಮನೆತನದ ಖೈರುನ್ನೀಸಾ ಇಸ್ಲಾಮಿನ ವಿಧಿಯಂತೆ ಮದುವೆಯಾದಂಥ ಪ್ರಸಂಗಗಳೂ ಇದ್ದವು. ಅವರ ಇಬ್ಬರು ಮಕ್ಕಳನ್ನು 1805ರಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ವರ್ಷ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಮಗಳು ಕಿಟ್ಟಿ ಇಂಗ್ಲೆಂಡಿನಲ್ಲಿ ಬೆಳೆದು, ಲೇಖಕ ಥಾಮಸ್ ಕಾರ್ಲೈಲ್‌ನ ಪರಿಚಯಸ್ಥರ ವಲಯಕ್ಕೆ ಸೇರಿದಳು.

ಗಾಳಿ ತಿರುಗಿದ್ದು 1790ರ ದಶಕದಲ್ಲಿ. ತಾಯಿತಂದೆಯರಲ್ಲಿ ಒಬ್ಬರು ಭಾರತೀಯರಾಗಿದ್ದವರನ್ನು ಕಂಪನಿಯ ಸಿವಿಲ್ ಮತ್ತು ಸೈನಿಕ ಹುದ್ದೆಗಳಿಗೆ ತೆಗೆದುಕೊಳ್ಳಬಾರದೆಂದು ಗವರ್ನರ್-ಜನರಲ್ ಕಾರ್ನ್‌ವಾಲಿಸ್ ಆಡಳಿತದಲ್ಲಿ, 1791ರಲ್ಲಿ, ಕಟ್ಟಳೆಯಾಯಿತು. ಮುಂದಿನ ದಶಕಗಳಲ್ಲಿ ಉಯಿಲುಗಳಿಂದ ಬೀಬಿಯರ ಉಲ್ಲೇಖ ಕಡಿಮೆಯಾಗುತ್ತ ಬಂದು, ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಬಹುಮಟ್ಟಿಗೆ ಮರೆಯಾಯಿತು. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಇದ್ದಂತೆ ಬಿಳಿಯರು ಮತ್ತು ಇತರರ ಮದುವೆಯನ್ನು ಅಪರಾಧವೆಂದ ಕಾಯಿದೆ ಬ್ರಿಟಿಷ್ ಭಾರತದಲ್ಲಿ ಬರಲೇ ಇಲ್ಲ. ಆ ಕೆಲಸವನ್ನು ನೌಕರಿಯ ನಿಯಮ, ಕ್ಲಬ್ಬಿನ ಬಾಗಿಲು, ಬಡ್ತಿಯ ಆಸೆ ಇವೇ ಮಾಡಿದವು. ಕಾಯಿದೆ ಹೇಳದೆ ಬಿಟ್ಟದ್ದನ್ನು ಹೇಳುವ ಹೊಣೆ ಕಾದಂಬರಿಯ ಮೇಲೂ ಬಿತ್ತು.

ನಿಜ ಬದುಕಿನಲ್ಲಿ ಇಂಥ ಮದುವೆಗಳು ನಿಂತುಹೋಗಲಿಲ್ಲ. ಅಧಿಕಾರ ಕಳೆದುಕೊಂಡ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗಿ ಕ್ರೈಸ್ತ ದೀಕ್ಷೆ ಪಡೆದಳು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, 1864ರಲ್ಲಿ ತೀರಿಕೊಂಡಳು. ಪಂಜಾಬಿನ ಪದಚ್ಯುತ ಮಹಾರಾಜ ದಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿ ಆಸೆಪಟ್ಟಿದ್ದಳು; ಅದು ಕೈಗೂಡಲಿಲ್ಲ. ಕ್ರೈಸ್ತಳಾದ ರಾಜಕುಮಾರಿ ಬ್ರಿಟಿಷ್ ಅಧಿಕಾರಿಯ ಹೆಂಡತಿಯಾಗುವುದು ರಾಣಿಯ ಆಸ್ಥಾನಕ್ಕೆ ಒಪ್ಪಿತವಾಗಿದ್ದ ಆ ದಿನಗಳಲ್ಲೇ, ಭಾರತದಲ್ಲಿದ್ದ ಅಧಿಕಾರಿಗೆ ದೇಶೀಯ ಹೆಂಡತಿಯೆಂದರೆ ಮರ್ಯಾದೆಗೆ ಕುಂದು ಎಂಬ ಭಾವನೆ ಬೇರೂರುತ್ತಿತ್ತು.

ಮೊದಲ ಅಚ್ಚುಗಳು

ಕಥೆಗಳಿಗೆ ಬೀಜ ಸಿಕ್ಕಿದ್ದು ಒಂದು ಐತಿಹ್ಯದಲ್ಲಿ. ಕಲ್ಕತ್ತೆಯ ಸ್ಥಾಪಕನೆಂದು ಹೆಸರಾದ ಜಾಬ್ ಚಾರ್ನಾಕ್ ಸಹಗಮನಕ್ಕೆ ಹೊರಟಿದ್ದ ವಿಧವೆಯೊಬ್ಬಳನ್ನು ಕಾವಲಿನವರಿಂದ ಎತ್ತಿಸಿ ತಂದು ಅವಳೊಡನೆ ಬಾಳಿದನೆಂದೂ, ಅವಳನ್ನು ಕ್ರೈಸ್ತಳಾಗಿಸುವ ಬದಲು ತಾನೇ ಅವಳ ದಾರಿ ಹಿಡಿದನೆಂದೂ, ಅವಳು ಸತ್ತ ಮೇಲೆ ಪ್ರತಿವರ್ಷ ಅವಳ ಗೋರಿಯ ಮೇಲೆ ಕೋಳಿ ಬಲಿ ಕೊಡುತ್ತಿದ್ದನೆಂದೂ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ದಾಖಲೆಗಳು ಹೇಳುವುದು ಬೇರೆ ಬಗೆಯ ಸಂಗತಿಯನ್ನು. ಚಾರ್ನಾಕನ ಮೂವರು ಹೆಣ್ಣುಮಕ್ಕಳಿಗೆ 1689ರಲ್ಲಿ ಮದರಾಸಿನಲ್ಲಿ ದೀಕ್ಷಾಸ್ನಾನವಾಯಿತು. ಅವರಲ್ಲೊಬ್ಬಳನ್ನು ಮದುವೆಯಾದ ಚಾರ್ಲ್ಸ್ ಐರ್ ಮುಂದೆ ಕಲ್ಕತ್ತೆಯಲ್ಲಿ ಕಂಪನಿಯ ಮುಖ್ಯಾಧಿಕಾರಿಯಾಗಿ, ಮಾವನಿಗೆ ಸಮಾಧಿ ಕಟ್ಟಿಸಿದ. ಮಕ್ಕಳು ಬೆಳೆದು ಆಳುವ ವರ್ಗದಲ್ಲೇ ನೆಲೆನಿಂತ ಈ ಭಾಗವನ್ನು ಕಥೆಗಾರರು ಕೈಬಿಟ್ಟರು. ಚಿತೆ, ಬಿಡುಗಡೆ, ಗೋರಿ ಇವಿಷ್ಟನ್ನು ಉಳಿಸಿಕೊಂಡರು.

1789ರಲ್ಲಿ ಲಂಡನ್ನಿನಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾದ, ಫೀಬಿ ಗಿಬ್ಸ್ ಬರೆದ 'ಹಾರ್ಟ್ಲಿ ಹೌಸ್, ಕಲ್ಕತ್ತಾ' ಪತ್ರಗಳ ರೂಪದ ಕಾದಂಬರಿ. ಅದರ ನಾಯಕಿ ಸೋಫಿಯಾ ವಿದ್ಯಾವಂತನಾದ ತರುಣ ಬ್ರಾಹ್ಮಣನೊಬ್ಬನ ಮಾತಿಗೂ ನಡತೆಗೂ ಮನಸೋಲುತ್ತಾಳೆ. ಅವನು ಸಭ್ಯ, ಸೌಮ್ಯ, ತತ್ತ್ವನಿಷ್ಠ. ಕಥೆ ಸಂದಿಗ್ಧಕ್ಕೆ ಬರುವಷ್ಟರಲ್ಲಿ ಅವನು ಜ್ವರ ಬಂದು ಸಾಯುತ್ತಾನೆ. ಸೋಫಿಯಾ ಆಂಗ್ಲನೊಬ್ಬನನ್ನು ಮದುವೆಯಾಗುತ್ತಾಳೆ. ಇನ್ನೂ ಯಾರ ಮೇಲೂ ದ್ವೇಷವಿಲ್ಲದ ಈ ಪುಸ್ತಕದಲ್ಲೇ ಮುಂದಿನ ಎಲ್ಲ ಕಥೆಗಳ ಉಪಾಯ ಸಿದ್ಧವಾಗಿದೆ: ದೇಶೀಯ ಪ್ರೇಮಿ ಸತ್ತರೆ ಯಾರೂ ತಪ್ಪಿತಸ್ಥರಾಗುವುದಿಲ್ಲ.

ಐರಿಷ್ ಲೇಖಕಿ ಸಿಡ್ನಿ ಓವೆನ್ಸನ್ 1811ರಲ್ಲಿ ಬರೆದ 'ದಿ ಮಿಷನರಿ' ಇದನ್ನು ಇನ್ನಷ್ಟು ಭಾವುಕವಾಗಿ ಹಿಗ್ಗಿಸಿತು. ಹದಿನೇಳನೆಯ ಶತಮಾನದಲ್ಲಿ ನಡೆಯುವ ಈ ಕಥೆಯಲ್ಲಿ ಪೋರ್ಚುಗೀಸ್ ಸಂನ್ಯಾಸಿ ಹಿಲೇರಿಯನ್ ಕಾಶ್ಮೀರದ ಬ್ರಾಹ್ಮಣ ಪೂಜಾರಿಣಿ ಲುಕ್ಸಿಮಾಳನ್ನು ಮತಾಂತರಿಸಲು ಹೋಗಿ ಪ್ರೇಮಕ್ಕೆ ಬೀಳುತ್ತಾನೆ. ಗೋವೆಯ ಧರ್ಮವಿಚಾರಣೆಯ ಪೀಠ ಅವನನ್ನು ಸುಡಲು ಸಜ್ಜುಮಾಡಿದ ಬೆಂಕಿಯನ್ನು ಅವಳು ತನ್ನ ಸಹಗಮನದ ಚಿತೆಯೆಂದೇ ಭ್ರಮಿಸಿ ಅದರತ್ತ ನುಗ್ಗುತ್ತಾಳೆ. ಆ ಗದ್ದಲದಲ್ಲಿ ಏಟು ತಿಂದು ಕೊನೆಗೆ ಸಾಯುತ್ತಾಳೆ. ಹಿಲೇರಿಯನ್ ಬದುಕುಳಿದು ಕಾಶ್ಮೀರದಲ್ಲಿ ಏಕಾಂತವಾಸಿಯಾಗುತ್ತಾನೆ. ಪುಸ್ತಕ ಎರಡೂ ಮತಗಳ ಪೀಡನೆಯನ್ನು ಖಂಡಿಸುತ್ತದೆ. ಆದರೆ ಭಾರತೀಯ ಹೆಣ್ಣಿನ ಪ್ರೀತಿಗೆ ಬೆಂಕಿಯ ಹೊರತು ಬೇರೆ ಭಾಷೆಯಿಲ್ಲ ಎಂಬ ಭಾವನೆಯನ್ನು ಅದು ಗಟ್ಟಿಮಾಡಿತು. 1857ರ ದಂಗೆಯ ಬಳಿಕ, 1859ರಲ್ಲಿ, ಇದು ನಾಯಕಿಯ ಹೆಸರನ್ನೇ ತಲೆಬರಹವಾಗಿ ಹೊತ್ತು ಮತ್ತೆ ಅಚ್ಚಾಯಿತು.

ಗಂಡು ದೇಶೀಯನಾದಾಗಿನ ಅಚ್ಚಿಗೆ ಮೈಸೂರು ಸೀಮೆ ನೆಲೆಯಾಯಿತು. ವಾಲ್ಟರ್ ಸ್ಕಾಟ್ ಭಾರತಕ್ಕೆ ಬಂದವನಲ್ಲ; 1827ರ 'ದಿ ಸರ್ಜನ್ಸ್ ಡಾಟರ್' ಕಥೆಯನ್ನು ಅವನು ಓದಿದ್ದು, ಕೇಳಿದ್ದರಿಂದ ಕಟ್ಟಿದ. ಅದರಲ್ಲಿ ರಿಚರ್ಡ್ ಮಿಡಲ್ಮಸ್ ಎಂಬಾತ ತನ್ನನ್ನು ನಂಬಿ ಬಂದ ಸ್ಕಾಟಿಷ್ ಹುಡುಗಿ ಮೆನಿ ಗ್ರೇಯನ್ನು ಟಿಪ್ಪುವಿನ ಜನಾನಕ್ಕೆ ಒಪ್ಪಿಸಿ ಹುದ್ದೆ ಗಿಟ್ಟಿಸಲು ಹವಣಿಸುತ್ತಾನೆ. ಬೆಂಗಳೂರಿನಲ್ಲಿ ಫಕೀರನ ವೇಷ ಕಳಚಿ ಎದ್ದುನಿಲ್ಲುವ ಹೈದರಾಲಿ ಅವಳನ್ನು ಬಿಡಿಸಿ, ಮಿಡಲ್ಮಸನನ್ನು ಆನೆಯ ಕಾಲಿಗೆ ಹಾಕಿಸುತ್ತಾನೆ. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವರ ಕಥನಗಳು ಮತ್ತು 1799ರ ಯುದ್ಧದ ಪ್ರಚಾರ ಟಿಪ್ಪುವಿಗೆ ಅಂಟಿಸಿದ್ದ ಕಾಮುಕ ಸುಲ್ತಾನನ ಮುಖವಾಡ ಹೀಗೆ ಪ್ರೇಮಕಥೆಯೊಳಗೆ ಬಂತು. ಮೆನಿ ಗ್ರೇ ಪಾರಾಗಿ ಊರಿಗೆ ಮರಳಿದರೂ ಮದುವೆಯಾಗದೆ ಉಳಿಯುತ್ತಾಳೆ. ದೇಶೀಯನ ಮನೆಯ ಹೊಸ್ತಿಲು ತುಳಿಯುವ ಹತ್ತಿರಕ್ಕೆ ಬಂದ ಬಿಳಿಯ ಹೆಣ್ಣನ್ನು ಕಾದಂಬರಿ ಮತ್ತೆ ಸಂಸಾರಕ್ಕೆ ಸೇರಿಸಲಿಲ್ಲ.

ಸುರಪುರದ ಟೇಲರ್ ಮತ್ತು 'ಸೀತಾ'

ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮುಂಬಯಿಗೆ ಬಂದು, ನಿಜಾಮನ ನೌಕರಿಗೆ ಸೇರಿದವನು. 1840ರ ದಶಕದ ಮೊದಲಿನಿಂದ 1853ರವರೆಗೆ, ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರದ ಬೇಡ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪನಾಯಕ ಈತನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲೆ ಈತ ಕಟ್ಟಿಸಿದ ಮನೆಗೆ ಟೇಲರ್ ಮಂಜಿಲ್ ಎಂಬ ಹೆಸರು ಇಂದಿಗೂ ಉಳಿದಿದೆ.

ಟೇಲರನ ಸ್ವಂತ ಸಂಸಾರವೇ ಬೀಬಿಗಳ ಕಾಲದ ಒಂದು ಕವಲು. 1832ರಲ್ಲಿ ಈತ ಕೈಹಿಡಿದ ಮೇರಿ ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು; ಆ ಪಾಮರನ ತಂದೆ ಕಂಪನಿಯ ಸೇನಾಧಿಕಾರಿ, ತಾಯಿ ಮೊಗಲ್ ಮನೆತನದ ಫೈಜ್ ಬಖ್ಷ್. 1785ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಈ ದಂಪತಿ ಮಕ್ಕಳೊಡನೆ ಕುಳಿತಿದ್ದಾರೆ. ಅಂದರೆ ಟೇಲರನ ಹೆಂಡತಿಯ ಅಜ್ಜಿ ಭಾರತೀಯಳು, ಮಾವ ಮಿಶ್ರಸಂತಾನದವನು. ಅವರ ಬದುಕಿನಲ್ಲಿ ಚಿತೆಯೂ ಇರಲಿಲ್ಲ, ವಿಷವೂ ಇರಲಿಲ್ಲ. ವ್ಯಾಪಾರ, ಸಾಲ, ಮಕ್ಕಳ ಓದು, ಮದುವೆ ಇದ್ದವು.

ಇಂಥ ಟೇಲರ್ 1872ರಲ್ಲಿ 'ಸೀತಾ' ಬರೆದ. ದರೋಡೆಕೋರ ಅಜ್ರಾಯಿಲ್ ಪಾಂಡೆಯ ಕೈಯಲ್ಲಿ ಗಂಡನನ್ನು ಕಳೆದುಕೊಂಡ ಹಿಂದೂ ವಿಧವೆ ಸೀತೆಯನ್ನು ಆಂಗ್ಲ ಅಧಿಕಾರಿ ಸಿರಿಲ್ ಬ್ರ್ಯಾಂಡನ್ ಮೊದಲು ನೋಡುವುದು ನ್ಯಾಯಾಲಯದಲ್ಲಿ, ಅವಳು ಅಂಜದೆ ಸಾಕ್ಷ್ಯ ಹೇಳುವಾಗ. ಅವಳನ್ನು ಅವನು ಇಟ್ಟುಕೊಳ್ಳುವುದಿಲ್ಲ, ಮದುವೆಯಾಗುತ್ತಾನೆ. ಲೇಖಕ ಆ ಮದುವೆಯನ್ನು ಗೌರವದಿಂದಲೇ ಕಾಣುತ್ತಾನೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಕಾದಂಬರಿಯಲ್ಲಿ ಇಷ್ಟು ವಿವೇಕ, ಇಷ್ಟು ವ್ಯಕ್ತಿತ್ವ ಪಡೆದ ಭಾರತೀಯ ನಾಯಕಿ ಅಪರೂಪ. ಅವಳನ್ನು ಮೆಚ್ಚುವ ಆಂಗ್ಲ ಸ್ನೇಹಿತರೂ, ಆ ಮದುವೆಗೆ ಆಂಗ್ಲ ಕಾನೂನಿನಲ್ಲಿ ಬೆಲೆಯಿಲ್ಲ ಎನ್ನುವವರೂ ಕಥೆಯಲ್ಲಿದ್ದಾರೆ. 1857ರ ದಂಗೆ ಈ ಗಂಟನ್ನು ಕತ್ತರಿಸುತ್ತದೆ. ಗಂಡನತ್ತ ಬಂದ ಅಜ್ರಾಯಿಲನ ಈಟಿಗೆ ಸೀತೆ ಎದೆಯೊಡ್ಡಿ ಸಾಯುತ್ತಾಳೆ. ಬ್ರ್ಯಾಂಡನ್ ಗ್ರೇಸ್ ಮೋಸ್ಟಿನ್ ಎಂಬ ಆಂಗ್ಲ ತರುಣಿಯನ್ನು ಮದುವೆಯಾಗಿ ಇಂಗ್ಲೆಂಡಿನ ತನ್ನ ಮನೆತನದ ಬದುಕಿಗೆ ಸೇರಿಕೊಳ್ಳುತ್ತಾನೆ.

ಸೀತೆಯನ್ನು ದೋಷಿಯನ್ನಾಗಿ ಮಾಡಲು ಟೇಲರನಿಗೆ ಮನಸ್ಸಿರಲಿಲ್ಲ. ಅವಳನ್ನು ಇಂಗ್ಲೆಂಡಿನ ಬಂಗಲೆಯ ಯಜಮಾನಿಯಾಗಿಸಲು ಓದುಗರು ಬಿಡುತ್ತಿರಲಿಲ್ಲ. ಉಳಿದದ್ದು ತ್ಯಾಗದ ಸಾವು. ನೆರಳಿಲ್ಲದ ಒಳ್ಳೆಯತನವೂ ಒಂದು ಪಡಿಯಚ್ಚು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಆದರ್ಶ ಹೆಂಡತಿಯಾದಷ್ಟೂ ಅವಳು ಗಂಡನ ದಾರಿಯಿಂದ ತಾನಾಗಿ ಸರಿಯುವುದು ಸುಲಭವಾಗುತ್ತದೆ.

ದಂಗೆಯ ನಂತರ

1857ರ ಬಳಿಕ ಆಳುವವರು ಮತ್ತು ಆಳಿಸಿಕೊಳ್ಳುವವರ ನಡುವಿನ ಅಂತರ ಹೆಚ್ಚಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಸುಲಭವಾಗಿ, ಮೇಮ್‌ಸಾಹೇಬರ ಸಂಖ್ಯೆ ಏರಿತು. ಕಂಟೋನ್ಮೆಂಟು, ಸಿವಿಲ್ ಲೈನ್ಸ್, ಗಿರಿಧಾಮಗಳ ಬದುಕಿನಲ್ಲಿ ಬೀಬಿಗೆ ಜಾಗವಿರಲಿಲ್ಲ. ಕಾದಂಬರಿಗಳಲ್ಲಿ ಅವಳು ನಾಯಕನ ಗತಕಾಲವಾದಳು. ಕಥೆ ಶುರುವಾಗುವ ಮುನ್ನವೋ, ಶುರುವಾದ ಕೂಡಲೋ ಮುಗಿಯಬೇಕಾದ ಅಧ್ಯಾಯ. ಫ್ಲೋರಾ ಆ್ಯನಿ ಸ್ಟೀಲ್ 1896ರಲ್ಲಿ ಬರೆದ 'ಆನ್ ದಿ ಫೇಸ್ ಆಫ್ ದಿ ವಾಟರ್ಸ್' ಕಾದಂಬರಿಯ ನಾಯಕ ಜಿಮ್ ಡಗ್ಲಸನ ಸಂಗಾತಿ ಜೋರಾ ಆರಂಭದಲ್ಲೇ ಸಾಯುತ್ತಾಳೆ. ಅವನು ಹಿಂದೊಮ್ಮೆ ಚಿತೆಯಿಂದ ಪಾರುಮಾಡಿದ್ದ ವಿಧವೆ ತಾರಾ, ದಂಗೆಯ ದಿಲ್ಲಿಯಲ್ಲಿ ಆಂಗ್ಲ ನಾಯಕಿಯನ್ನು ಬಚ್ಚಿಟ್ಟು ಕಾಪಾಡುತ್ತಾಳೆ. ಕೊನೆಗೆ ಬೆಂಕಿಯಲ್ಲೇ ಸಾಯುತ್ತಾಳೆ. ಇಬ್ಬರು ಭಾರತೀಯ ಹೆಂಗಸರು ಸರಿದುಹೋದ ಮೇಲೆ ನಾಯಕನಿಗೂ ಆಂಗ್ಲ ನಾಯಕಿಗೂ ದಾರಿ ಸುಗಮ.

ಈ ವಸ್ತುವಿಗೆ ಹೆಚ್ಚು ಓದುಗರನ್ನು ತಂದವನು ರಡ್‌ಯಾರ್ಡ್ ಕಿಪ್ಲಿಂಗ್. 1880ರ ದಶಕದಲ್ಲಿ ಲಾಹೋರ್, ಅಲಹಾಬಾದುಗಳ ಪತ್ರಿಕೆಗಳಲ್ಲಿ ದುಡಿಯುತ್ತಿದ್ದಾಗ ಬರೆದ ಕಥೆಗಳಲ್ಲಿ ಇದು ಹಲವು ಬಗೆಯಲ್ಲಿ ಬರುತ್ತದೆ. 'ಲಿಸ್ಪೆತ್' ಕಥೆಯಲ್ಲಿ ಮಿಷನ್ನಿನವರು ಸಾಕಿದ ಬೆಟ್ಟದ ಹುಡುಗಿ, ಗಾಯಗೊಂಡ ಆಂಗ್ಲನೊಬ್ಬನನ್ನು ಕಾಪಾಡಿ ಮದುವೆಯ ಮಾತು ಪಡೆಯುತ್ತಾಳೆ. ಆ ಮಾತು ಸುಳ್ಳೆಂದೂ, ಪಾದ್ರಿಯ ಹೆಂಡತಿಗೂ ಅದು ಗೊತ್ತಿತ್ತೆಂದೂ ತಿಳಿದಾಗ ಅವಳು ಕ್ರೈಸ್ತಮತ ಬಿಟ್ಟು ತನ್ನ ಜನರಲ್ಲಿಗೆ ಹೋಗುತ್ತಾಳೆ. 'ಬಿಯಾಂಡ್ ದಿ ಪೇಲ್' ಕಥೆಯ ಹದಿನೈದರ ವಿಧವೆ ಬಿಸೇಸಾಳ ಎರಡೂ ಕೈಗಳನ್ನು ಅವಳ ಮನೆಯವರೇ ಕತ್ತರಿಸುತ್ತಾರೆ. ಪ್ರೇಮಿ ಟ್ರೆಜಾಗೊಗೆ ಉಳಿಯುವುದು ಕಾಲಿನ ಸಣ್ಣ ಬಿಗಿತವಷ್ಟೆ. ಗಡಿ ದಾಟಬಾರದೆಂಬ ಎಚ್ಚರಿಕೆ ಕಥೆಯ ಬಾಯಲ್ಲಿದ್ದರೆ, ದಾಟಿದ್ದಕ್ಕೆ ಯಾರು ಎಷ್ಟು ದಂಡ ತೆರುತ್ತಾರೆ ಎಂಬ ಲೆಕ್ಕ ಅದರ ಹೊಟ್ಟೆಯಲ್ಲಿದೆ.

1890ರ 'ವಿದೌಟ್ ಬೆನಿಫಿಟ್ ಆಫ್ ಕ್ಲರ್ಜಿ' ಇವುಗಳಲ್ಲಿ ಅತ್ಯಂತ ಆರ್ದ್ರವಾದದ್ದು. ಜಾನ್ ಹೋಲ್ಡನ್ ಹಗಲು ಕಚೇರಿ, ಕ್ಲಬ್ಬುಗಳ ಬಿಳಿಯ. ರಾತ್ರಿ ಊರೊಳಗಿನ ಬಾಡಿಗೆ ಮನೆಯಲ್ಲಿ ಅಮೀರಾಳ ಗಂಡ, ಟೋಟಾ ಎಂಬ ಮಗುವಿನ ತಂದೆ. ಅವಳನ್ನು ಅವನು ತಾಯಿಯಿಂದ ಹಣ ಕೊಟ್ಟು ಪಡೆದವನಾದರೂ ಆ ಮನೆಯ ಸುಖ ನಿಜವಾದದ್ದೆಂದೇ ಕಥೆ ನಂಬುತ್ತದೆ. ಮಗು ಜ್ವರಕ್ಕೆ, ತಾಯಿ ಕಾಲರಾಕ್ಕೆ ಬಲಿಯಾಗುತ್ತಾರೆ. ಮನೆಯನ್ನೂ ಕೆಡವಿಸಲು ಅದರ ಒಡೆಯ ನಿರ್ಧರಿಸುತ್ತಾನೆ. ಹೆಂಡತಿ, ಮಗು, ಮನೆ ಮೂರೂ ಅಳಿದ ಮೇಲೆ ಹೋಲ್ಡನ್‌ನ ಸರ್ಕಾರಿ ದಾಖಲೆಯಲ್ಲಿ ಯಾವ ಕಲೆಯೂ ಇರುವುದಿಲ್ಲ. ಇಂಗ್ಲಿಷ್ ಸಮಾಜವನ್ನು ಕಿಪ್ಲಿಂಗ್ ಇಲ್ಲಿ ಹೊಗಳಿಲ್ಲ, ಆದರೂ ಅದಕ್ಕೆ ಬೇಕಾದ ಮುಕ್ತಾಯವನ್ನೇ ಕೊಟ್ಟಿದ್ದಾನೆ. ಇದಕ್ಕೆ ವಿರುದ್ಧವಾದ ಕಥೆಯನ್ನೂ ಅವನು ಒಮ್ಮೆ ಬರೆದ. 'ಯೋಕ್ಡ್ ವಿತ್ ಆ್ಯನ್ ಅನ್‌ಬಿಲೀವರ್' ಕಥೆಯಲ್ಲಿ ಬೆಟ್ಟದ ಹೆಣ್ಣು ದುನ್ಮಾಯಾ ಸಾಯುವುದಿಲ್ಲ. ಕೈಲಾಗದ ಆಂಗ್ಲ ಗಂಡನನ್ನು ತಿದ್ದಿ ಸಂಸಾರ ನಡೆಸುತ್ತಾಳೆ. ಆದರೆ ಆ ಕಥೆಯ ಧಾಟಿ ವಿನೋದದ್ದು, ಗಂಡ ಚಹಾ ತೋಟದವನು. ಸರ್ಕಾರದ ಪ್ರತಿಷ್ಠೆ ಅಡವಿಡಬೇಕಾದ ಅಧಿಕಾರಿಗೆ ಅಂಥ ಬಾಳು ದಕ್ಕಲಿಲ್ಲ.

ಬಿಳಿಯ ಹೆಣ್ಣು, ದೇಶೀಯ ಗಂಡು

ಗಂಡು ಬಿಳಿಯನಾದಾಗ ಕಥೆ ದುಃಖಾಂತವಾಗುತ್ತಿತ್ತು. ಹೆಣ್ಣು ಬಿಳಿಯಳಾದರೆ ಅದು ಭಯದ ಕಥೆಯಾಗುತ್ತಿತ್ತು. ಬಿಳಿಯ ಹೆಣ್ಣಿನ ಮೇಲಿನ ಅತ್ಯಾಚಾರದ ವದಂತಿಗಳು 1857ರ ಪ್ರತೀಕಾರಕ್ಕೆ ನೆಪವಾಗಿದ್ದವು. ಸರ್ಕಾರವೇ ನಡೆಸಿದ ವಿಚಾರಣೆಗಳಲ್ಲಿ ಅವಕ್ಕೆ ಆಧಾರ ಸಿಗದಿದ್ದರೂ ಕಾದಂಬರಿಗಳು ಅವನ್ನು ಬಿಡಲಿಲ್ಲ. ದೇಶೀಯ ಗಂಡನ್ನು ಬಿಳಿಯ ಹೆಣ್ಣು ತಾನಾಗಿ ಬಯಸಬಹುದೆಂಬ ಮಾತು ಕಲ್ಪನೆಗೂ ದೂರವಾಗಿತ್ತು.

1901ರಲ್ಲಿ ಆ್ಯನಿ ಸೋಫಿ ಕೋರಿ 'ವಿಕ್ಟೋರಿಯಾ ಕ್ರಾಸ್' ಎಂಬ ಹೆಸರಿನಲ್ಲಿ ಪ್ರಕಟಿಸಿದ 'ಆ್ಯನಾ ಲೊಂಬಾರ್ಡ್' ಆ ಬಯಕೆಯನ್ನು ಬಾಯಿಬಿಟ್ಟು ಹೇಳಿತು. ಸೇನಾಧಿಕಾರಿಯ ಮಗಳು ಆ್ಯನಾ ತನ್ನ ಪಠಾಣ ಆಳು ಗೈದಾ ಖಾನನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಪುಸ್ತಕ ಗದ್ದಲ ಎಬ್ಬಿಸಿತು, ಚೆನ್ನಾಗಿ ಮಾರಾಟವಾಯಿತು. ಧೈರ್ಯದ ಈ ಕಥೆಯಲ್ಲೂ ಪಠಾಣನಿಗೆ ದೇಹಸೌಂದರ್ಯವಿದೆಯೇ ಹೊರತು ಮನಸ್ಸಿಲ್ಲ. ಅವನು ಕಾಲರಾಕ್ಕೆ ಸಾಯುತ್ತಾನೆ. ಹುಟ್ಟಿದ ಮಗುವನ್ನು ಆ್ಯನಾ ತನ್ನ ಕೈಯಾರೆ ಕೊಲ್ಲುತ್ತಾಳೆ. ಪ್ರಾಯಶ್ಚಿತ್ತದ ಅವಧಿ ಮುಗಿದ ಮೇಲೆ, ಪಠಾಣನ ಸಾವಿನ ಬಳಿಕ ಅವಳನ್ನು ಮದುವೆಯಾಗಿ ಕಾದು ಕುಳಿತ ಆಂಗ್ಲ ಗಂಡ ಅವಳನ್ನು ಸ್ವೀಕರಿಸುತ್ತಾನೆ. ಬೇರೆ ಕಥೆಗಳಲ್ಲಿ ರೋಗ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಾಯಿಯೇ ಮಾಡುತ್ತಾಳೆ.

ಇ.ಎಂ. ಫಾರ್ಸ್ಟರ್ 1924ರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಈ ಭಯವನ್ನೇ ವಿಚಾರಣೆಗೆ ನಿಲ್ಲಿಸಿದ. ಮರಾಬಾರ್ ಗುಹೆಯಲ್ಲಿ ಡಾ. ಅಜೀಜ್ ತನ್ನ ಮೇಲೆ ಕೈಮಾಡಿದನೆಂದು ಅಡೆಲಾ ಕ್ವೆಸ್ಟೆಡ್ ದೂರುತ್ತಾಳೆ. ಪೊಲೀಸ್ ಅಧಿಕಾರಿಗೆ ಅದು ಕಪ್ಪು ಗಂಡಸರ ಸ್ವಭಾವದ ಬಗೆಗಿನ ತನ್ನ ಸಿದ್ಧಾಂತಕ್ಕೆ ಪುರಾವೆ. ನ್ಯಾಯಾಲಯದಲ್ಲಿ ಅಡೆಲಾ ದೂರನ್ನು ಹಿಂತೆಗೆದುಕೊಂಡಾಗ ಕುಸಿಯುವುದು ಆ ಸಿದ್ಧಾಂತ. ಫಾರ್ಸ್ಟರ್ ಇಲ್ಲಿ ಜೋಡಿಯನ್ನೇ ಚಿತ್ರಿಸಲಿಲ್ಲ. ಜೋಡಿಯಿಲ್ಲದೆಯೂ ಪಡಿಯಚ್ಚು ಹೇಗೆ ಒಬ್ಬನನ್ನು ಕಟಕಟೆಗೆ ಎಳೆಯಬಲ್ಲದು ಎಂಬುದನ್ನು ತೋರಿಸಿದ. ಡೇವಿಡ್ ಲೀನ್ 1984ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಬಹುಪಾಲು ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲೂ ಸುತ್ತಮುತ್ತಲೂ; ಮರಾಬಾರ್ ಬೆಟ್ಟಗಳಾಗಿ ತೆರೆಯ ಮೇಲೆ ಬಂದದ್ದು ಸಾವನದುರ್ಗ, ರಾಮನಗರದ ಬಂಡೆಗಳು. ಕಾದಂಬರಿಯ ಭಾರತೀಯರಲ್ಲೊಬ್ಬನಾದ ಗೋಡ್‌ಬೋಲೆಯ ಪಾತ್ರಕ್ಕೆ ಆಂಗ್ಲ ನಟ ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ.

ಮಿಶ್ರರಕ್ತದ ಪಾತ್ರಗಳು

ಸಾಯದೆ ಉಳಿದ ಮಗು ದೊಡ್ಡದಾಗಿ ಇನ್ನೊಂದು ಪಡಿಯಚ್ಚಾಯಿತು. ರೈಲ್ವೆ, ತಂತಿ, ಸುಂಕದ ಇಲಾಖೆಗಳಲ್ಲಿ ದುಡಿದು ಬ್ರಿಟಿಷ್ ಆಡಳಿತದ ಬೆನ್ನೆಲುಬಾಗಿದ್ದ ಆಂಗ್ಲೋ-ಇಂಡಿಯನ್ ಸಮುದಾಯ ಕಾದಂಬರಿಗ​ಳಲ್ಲಿ ಹಾಸ್ಯದ ಇಲ್ಲವೇ ಕನಿಕರದ ವಸ್ತು. ಗಂಡಾದರೆ ಅಂಜುಬುರುಕ, ಹೆಣ್ಣಾದರೆ ಗಂಡು ಬೇಟೆಯವಳು. ಕಿಪ್ಲಿಂಗನ 'ಹಿಸ್ ಚಾನ್ಸ್ ಇನ್ ಲೈಫ್' ಕಥೆಯ ತಂತಿ ನೌಕರ ಮೈಕೆಲ್ ಡಿಕ್ರೂಜನಿಗೆ ಗಲಭೆಯ ಹೊತ್ತಿನಲ್ಲಿ ಧೈರ್ಯ ಉಕ್ಕುವುದು ಮೈಯಲ್ಲಿರುವ ಒಂದಿಷ್ಟು ಬಿಳಿಯ ರಕ್ತದಿಂದ. ನಿಜವಾದ ಆಂಗ್ಲ ಅಧಿಕಾರಿ ಬಂದೊಡನೆ ಅದು ಇಳಿದುಹೋಗುತ್ತದೆ. 'ಕಿಡ್‌ನ್ಯಾಪ್ಡ್' ಕಥೆಯಲ್ಲಿ ಮಿಶ್ರಕುಲದ ಮಿಸ್ ಕ್ಯಾಸ್ಟ್ರೀಸಳನ್ನು ಮದುವೆಯಾಗಹೊರಟ ಅಧಿಕಾರಿಯನ್ನು ಗೆಳೆಯರು ಅಪಹರಿಸಿ, ಮದುವೆ ಮುರಿದು, ಅವನ ವೃತ್ತಿಯನ್ನು ಉಳಿಸುತ್ತಾರೆ. ಹುಡುಗಿಯಲ್ಲಿ ಯಾವ ದೋಷವೂ ಇಲ್ಲವೆಂದು ಕಥೆಯೇ ಒಪ್ಪುತ್ತದೆ.

ಮಾಡ್ ಡೈವರ್ 1911ರಲ್ಲಿ ಬರೆದ 'ಲೀಲಾಮಣಿ' ಇದಕ್ಕೆ ಉದಾರವಾದ ಪರ್ಯಾಯದಂತೆ ಕಂಡಿತು. ರಜಪೂತ ಹೆಣ್ಣು ಲೀಲಾಮಣಿ ಮತ್ತು ಆಂಗ್ಲ ಚಿತ್ರಕಾರ ನೆವಿಲ್ ಸಿಂಕ್ಲೇರ್ ಸುಖವಾಗಿ ಬಾಳುತ್ತಾರೆ. ಅವರ ಮಗ ರಾಯ್ ಮುಂದಿನ ಕಾದಂಬರಿಯ ನಾಯಕನಾಗುತ್ತಾನೆ. ಆದರೆ ಅವನು ಭಾರತೀಯ ಹೆಣ್ಣನ್ನು ಮದುವೆಯಾಗಬಾರದೆಂದು ತಾಯಿಯೇ ಮಾತು ತೆಗೆದುಕೊಳ್ಳುತ್ತಾಳೆ. ಒಂದು ಸಲದ ಬೆರಕೆ ಚೆಂದ, ಎರಡನೆಯದು ಅಪಾಯ ಎಂಬುದು ಆ ಔದಾರ್ಯದ ಎಲ್ಲೆ.

ಆಗ ಬ್ರಿಟಿಷ್ ಭಾರತದ ಭಾಗವೇ ಆಗಿದ್ದ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1934ರ 'ಬರ್ಮೀಸ್ ಡೇಸ್' ಕಾದಂಬರಿಯಲ್ಲಿ ಭಾವುಕತೆಯ ಮುಸುಕನ್ನು ಕಿತ್ತೆಸೆದ. ಮರದ ವ್ಯಾಪಾರಿ ಫ್ಲೋರಿ, ತಾನು ಹಣ ಕೊಟ್ಟು ತಂದ ಮಾ ಹ್ಲಾ ಮೇಯನ್ನು ಬಿಳಿಯ ಹುಡುಗಿಗಾಗಿ ಹೊರಹಾಕುತ್ತಾನೆ. ಅವಳು ಮೌನವಾಗಿ ಸಾಯುವುದಿಲ್ಲ. ಚರ್ಚಿನಲ್ಲಿ ಎಲ್ಲರೆದುರು ಬಂದು ಕೂಗಾಡಿ ತನಗೆ ಸಲ್ಲಬೇಕಾದ್ದನ್ನು ಕೇಳುತ್ತಾಳೆ. ಗುಂಡು ಹಾರಿಸಿಕೊಂಡು ಸಾಯುವವನು ಫ್ಲೋರಿ. ಆದರೂ ಆರ್ವೆಲನ ಕಣ್ಣಲ್ಲಿ ಅವಳು ದುರಾಸೆಯವಳೇ. ಮುಗ್ಧೆಯ ಅಚ್ಚಿನಿಂದ ಹೊರಬಂದವಳು ಸೂಳೆಯ ಅಚ್ಚಿಗೆ ಬೀಳುತ್ತಾಳೆ.

ಜಾನ್ ಮಾಸ್ಟರ್ಸ್ 1954ರಲ್ಲಿ ಬರೆದ 'ಭೋವಾನಿ ಜಂಕ್ಷನ್'ನ ನಾಯಕಿ ವಿಕ್ಟೋರಿಯಾ ಜೋನ್ಸ್ ಆಂಗ್ಲೋ-ಇಂಡಿಯನ್. 1946ರ ಗಲಭೆಗಳ ನಡುವೆ ಅವಳು ಆಂಗ್ಲೋ-ಇಂಡಿಯನ್ ಪ್ಯಾಟ್ರಿಕ್, ಸಿಖ್ ತರುಣ ರಂಜಿತ್, ಆಂಗ್ಲ ಕರ್ನಲ್ ಸ್ಯಾವೇಜ್ ಈ ಮೂವರಲ್ಲಿ ತನ್ನ ನೆಲೆ ಹುಡುಕುತ್ತಾಳೆ. ಕಾದಂಬರಿಯ ಕೊನೆಗೆ ಅವಳು ತನ್ನವನಾದ ಪ್ಯಾಟ್ರಿಕ್‌ನ ಬಳಿಗೆ ಮರಳುತ್ತಾಳೆ. ಲಾಹೋರಿನಲ್ಲಿ ಚಿತ್ರೀಕರಿಸಿದ 1956ರ ಹಾಲಿವುಡ್ ಸಿನಿಮಾದಲ್ಲಿ ಪ್ಯಾಟ್ರಿಕ್ ಸತ್ತು, ಅವಳು ಸ್ಯಾವೇಜ್‌ನ ಪಾಲಾಗುತ್ತಾಳೆ. ಪಾತ್ರ ಮಾಡಿದವಳು ಅಮೆರಿಕದ ತಾರೆ ಆವಾ ಗಾರ್ಡ್ನರ್. ನಾಯಕಿ ಬಿಳಿಯ ತಾರೆಯಾದ್ದರಿಂದ ಬಿಳಿಯ ನಾಯಕನೊಡನೆ ಅವಳನ್ನು ಸೇರಿಸಲು ಪ್ರೇಕ್ಷಕರ ಅಡ್ಡಿಯಿರಲಿಲ್ಲ.

ಅಚ್ಚು ಸಡಿಲಿದ ಬಗೆ

ಸಾಮ್ರಾಜ್ಯ ಮುಗಿದ ಮೇಲೆ ಬಂದ ಕಾದಂಬರಿಗಳು ಹಳೆಯ ಪಾತ್ರಗಳನ್ನು ಇಟ್ಟುಕೊಂಡೇ ಪ್ರಶ್ನೆಗಳನ್ನು ಬದಲಿಸಿದವು. ಪಾಲ್ ಸ್ಕಾಟ್ 1966ರಲ್ಲಿ ಪ್ರಕಟಿಸಿದ 'ದಿ ಜ್ಯುಯೆಲ್ ಇನ್ ದಿ ಕ್ರೌನ್'ನಲ್ಲಿ 1942ರ ಚಳವಳಿಯ ಹೊತ್ತಿಗೆ ಡ್ಯಾಫ್ನೆ ಮ್ಯಾನರ್ಸ್ ಹರಿ ಕುಮಾರನನ್ನು ಪ್ರೀತಿಸುತ್ತಾಳೆ. ಹರಿ ಇಂಗ್ಲೆಂಡಿನ ದುಬಾರಿ ಶಾಲೆಯಲ್ಲಿ ಓದಿದವನು. ಅವನ ಇಂಗ್ಲಿಷ್, ಅವನನ್ನು ಬಂಧಿಸುವ ಪೊಲೀಸ್ ಅಧಿಕಾರಿ ಮೆರಿಕ್‌ನದಕ್ಕಿಂತ ಮೇಲ್ವರ್ಗದ್ದು. ಭಾರತೀಯ ಪ್ರೇಮಿ ಎಂದರೆ ನವಾಬ ಇಲ್ಲವೇ ಆಳು ಎಂಬ ಅಚ್ಚು ಇಲ್ಲಿ ಕೆಲಸ ಮಾಡುವುದಿಲ್ಲ. ಡ್ಯಾಫ್ನೆಯ ಮೇಲೆ ಅಪರಿಚಿತರ ಗುಂಪು ಅತ್ಯಾಚಾರ ಎಸಗುವುದು, ಬೀಬಿಘರ್ ಎಂಬ ಪಾಳು ತೋಟದಲ್ಲಿ. ಹರಿಯ ವಿರುದ್ಧ ಸಾಕ್ಷ್ಯ ಹೇಳಲು ಅವಳು ಒಪ್ಪುವುದಿಲ್ಲ. ಹೆರಿಗೆಯಲ್ಲಿ ಅವಳು ಸಾಯುತ್ತಾಳೆ. ಮಗು ಪಾರ್ವತಿ ಬದುಕುತ್ತದೆ, ಭಾರತೀಯ ಮನೆಯೊಂದರಲ್ಲಿ ಬೆಳೆದು ಸಂಗೀತ ಕಲಿಯುತ್ತದೆ. ತಂದೆ ಯಾರೆಂಬುದು ಅನಿಶ್ಚಿತವಾಗಿಯೇ ಉಳಿದರೂ ಮಗುವನ್ನು ಕಥೆ ಅಳಿಸುವುದಿಲ್ಲ.

ರೂತ್ ಪ್ರವರ್ ಜಾಬ್ವಾಲಾ ಅವರ 'ಹೀಟ್ ಆ್ಯಂಡ್ ಡಸ್ಟ್' 1975ರಲ್ಲಿ ಬೂಕರ್ ಪ್ರಶಸ್ತಿ ಪಡೆಯಿತು. 1923ರಲ್ಲಿ ಅಧಿಕಾರಿಯ ಹೆಂಡತಿ ಒಲಿವಿಯಾ ನವಾಬನಿಂದ ಬಸಿರಾಗಿ, ಗರ್ಭ ತೆಗೆಸಿಕೊಂಡು, ಗಂಡನನ್ನು ಬಿಟ್ಟು ಹೋಗುತ್ತಾಳೆ. ಅವಳನ್ನು ಕಥೆ ಕೊಲ್ಲುವುದಿಲ್ಲ. ಹಿಮಾಲಯದ ಊರೊಂದರಲ್ಲಿ ಅವಳು ಮುದುಕಿಯಾಗುವವರೆಗೆ ಬದುಕುತ್ತಾಳೆ. ಅರ್ಧ ಶತಮಾನದ ಬಳಿಕ ಅವಳ ಜಾಡು ಹಿಡಿದು ಬರುವ ನಿರೂಪಕಿಯೂ ಭಾರತೀಯನಿಂದ ಬಸಿರಾಗುತ್ತಾಳೆ, ಮತ್ತು ಮಗುವನ್ನು ಉಳಿಸಿಕೊಳ್ಳಲು ನಿರ್ಧರಿಸುತ್ತಾಳೆ. ಹಳೆಯ ಕಥೆ ಹೊಸದಾಗುವುದು ಈ ಒಂದು ನಿರ್ಧಾರದಲ್ಲಿ. ಆದರೆ ನವಾಬ ಮಾತ್ರ ಹಳೆಯ ಅಚ್ಚಿನಲ್ಲೇ ಉಳಿದ: ಮೋಹಕ, ಸೋಮಾರಿ, ಡಕಾಯಿತರೊಡನೆ ಒಳಸಂಚಿನವ.

ಜನಪ್ರಿಯ ಸಾಹಿತ್ಯದಲ್ಲಿ ಹಳೆಯದು ಬೇಗ ಹೋಗಲಿಲ್ಲ. ಎಂ.ಎಂ. ಕೇ 1978ರಲ್ಲಿ ಬರೆದ 'ದಿ ಫಾರ್ ಪೆವಿಲಿಯನ್ಸ್' ಹಲವು ಭಾಷೆಗಳ ಓದುಗರನ್ನು ಮುಟ್ಟಿದ ಬೃಹತ್ ಕಾದಂಬರಿ. ನಾಯಕ ಆಶ್ ರಾಜಕುಮಾರಿ ಅಂಜುಲಿಯನ್ನು ಸಹಗಮನದಿಂದ ಪಾರುಮಾಡುತ್ತಾನೆ; ಇನ್ನೂರೈವತ್ತು ವರ್ಷಗಳ ಹಿಂದಿನ ಚಾರ್ನಾಕನ ಐತಿಹ್ಯ ಇಲ್ಲಿ ಮತ್ತೆ ಬಂದಿದೆ. ಅಂಜುಲಿ ಬದುಕಿ ಅವನ ಹೆಂಡತಿಯಾಗುತ್ತಾಳೆ, ಆದರೆ ಅವಳ ತಾಯಿಯ ಕಡೆಯಿಂದ ರಷ್ಯನ್ ರಕ್ತವನ್ನು ಲೇಖಕಿ ಬೆರೆಸಿದ್ದಾರೆ. ಕಿರುತೆರೆಯಲ್ಲಿ ಆ ಪಾತ್ರ ವಹಿಸಿದ್ದು ಅಮೆರಿಕದ ನಟಿ ಏಮಿ ಇರ್ವಿಂಗ್.

ಭಾರತೀಯ ಸಿನಿಮಾ ಇದೇ ಕಥೆಯನ್ನು ತಿರುಗುಮುರುಗಾಗಿ ಹೇಳಿತು. 1857ರ ಹಿನ್ನೆಲೆಯ ಶ್ಯಾಮ್ ಬೆನೆಗಲ್ ಅವರ 'ಜುನೂನ್'ನಲ್ಲಿ ಪಠಾಣ ಜಾವೇದ್ ಆಂಗ್ಲೋ-ಇಂಡಿಯನ್ ಹುಡುಗಿ ರೂತಳನ್ನು ಹುಚ್ಚಾಗಿ ಬಯಸಿ, ಕಡೆಗೆ ಯುದ್ಧದಲ್ಲಿ ಸಾಯುತ್ತಾನೆ. ಅವಳು ಮದುವೆಯಾಗದೆ ಲಂಡನ್ನಿನಲ್ಲಿ ತೀರಿಕೊಳ್ಳುತ್ತಾಳೆ. 2001ರ 'ಲಗಾನ್'ನಲ್ಲಿ ಭುವನ್‌ನನ್ನು ಪ್ರೀತಿಸಿ, ಅವನ ಊರಿಗೆ ನೆರವಾಗುವ ಎಲಿಜಬೆತ್ ಕೊನೆಗೆ ಇಂಗ್ಲೆಂಡಿಗೆ ಮರಳಿ ಒಂಟಿಯಾಗಿ ಉಳಿಯುತ್ತಾಳೆ. ಭುವನ್ ಊರಿನ ಗೌರಿಯ ಕೈಹಿಡಿಯುತ್ತಾನೆ. ಸೀತೆಗೆ ಟೇಲರ್ ಕೊಟ್ಟ ಕೆಲಸವನ್ನೇ ಇಲ್ಲಿ ಬಿಳಿಯ ಹುಡುಗಿ ಮಾಡಿದ್ದಾಳೆ: ನಾಯಕನನ್ನು ಕಾಪಾಡಿ, ತನ್ನವಳೊಡನೆ ಅವನು ಬಾಳಲೆಂದು ದಾರಿ ಬಿಟ್ಟುಕೊಟ್ಟಿದ್ದಾಳೆ. ಯಾವ ಕಡೆಯವರು ಕಥೆ ಹೇಳುತ್ತಾರೋ ಆ ಕಡೆಯ ನಾಯಕ ತನ್ನ ಮನೆಗೆ ಮರಳುತ್ತಾನೆ. ಆಚೆ ಕಡೆಯವಳಿಗೆ ಸಾವು ಇಲ್ಲವೇ ಒಂಟಿತನ.

ಒಟ್ಟಿನಲ್ಲಿ, ಈ ಪಡಿಯಚ್ಚುಗಳ ಇತಿಹಾಸ ಮೆಚ್ಚುಗೆ, ಹೀಯಾಳಿಕೆಗಳ ಇತಿಹಾಸವಷ್ಟೇ ಅಲ್ಲ. ಟೇಲರ್ ಸೀತೆಯನ್ನು ಮೆಚ್ಚಿದ, ಕಿಪ್ಲಿಂಗ್ ಅಮೀರಾಳಿಗಾಗಿ ಮರುಗಿದ, ಕೋರಿ ಪಠಾಣನ ಚೆಲುವನ್ನು ಕೊಂಡಾಡಿದಳು. ಮೂವರೂ ಜೋಡಿಯನ್ನು ಮುಂದಿನ ತಲೆಮಾರಿಗೆ ದಾಟಿಸಲಿಲ್ಲ. ಹದಿನೆಂಟನೆಯ ಶತಮಾನದ ಉಯಿಲುಗಳು ಮಕ್ಕಳಿಗೆ ಹೆಸರು, ಹಣ, ಪೋಷಕರನ್ನು ಗೊತ್ತುಮಾಡುವ ಗೋಜಿನಲ್ಲಿದ್ದವು. ಬಹುಪಾಲು ಕಾದಂಬರಿಗಳು ಆ ಗೋಜಿಗೆ ಹೋಗಲು ಬ್ರಿಟಿಷ್ ಆಳ್ವಿಕೆಯೇ ಮುಗಿಯಬೇಕಾಯಿತು. ಇಂಥ ಕಥೆಯೊಂದು ಹಳೆಯ ಅಚ್ಚಿನದೋ ಅಲ್ಲವೋ ಎಂದು ತೂಗಿನೋಡಲು ನಾಯಕಿಯ ಗುಣವರ್ಣನೆ ಸಾಲದು. ಕೊನೆಯ ಪುಟದಲ್ಲಿ ಯಾರು ಬದುಕಿದ್ದಾರೆ, ಮಗು ಯಾರ ಮನೆಯಲ್ಲಿದೆ ಎಂಬುದನ್ನು ನೋಡಬೇಕಾಗುತ್ತದೆ.